ಮರೆವಿನ ಮನೆಯ ಪರೀಕ್ಷೆ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯ ಅರ್ಥವನ್ನು ನಾನು ಮೂವತ್ತಾರು ವರ್ಷ ಶಾಲೆಯ ಮಕ್ಕಳಿಗೆ ಬಿಡಿಸಿ ಹೇಳಿದ್ದೇನೆ. ಈಗ ನನಗೇ ಅರವತ್ತೇಳು ನಡೆಯುತ್ತಿರುವುದರಿಂದ ಆ ಗಾದೆಯ ವಿಷಯದಲ್ಲಿ ನನ್ನ ಗೌರವವು ಕೊಂಚ ಕಡಿಮೆಯಾಗಿರುತ್ತದೆ. ಅದು ಮುಪ್ಪನ್ನೂ ರೋಗವನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ಮುಪ್ಪು. ಕನ್ನಡಕವು ಏತಕ್ಕೆ ಇರುವುದೆಂಬುದನ್ನೇ ಮರೆಯುವುದು ರೋಗ. ೧೯೦೬ರಲ್ಲಿ ಜರ್ಮನ್ ವೈದ್ಯನಾದ ಆಲೋಯಿಸ್ ಆಲ್ಝೈಮರ್ ಎಂಬಾತನು, ಮೃತಳಾದ ಒಬ್ಬ ರೋಗಿಣಿಯ ಮಿದುಳನ್ನು ಪರೀಕ್ಷಿಸಿ, ಆಕೆಯ ಮರೆವಿನೊಡನೆ ಕೂಡಿಬಂದ ವಿಕಾರಗಳನ್ನು ವಿದ್ವತ್ಸಭೆಯ ಮುಂದೆ ವಿವರಿಸಿದನು. ಆ ಹೆಂಗಸಿಗೆ ಆಗಿನ್ನೂ ಅರವತ್ತು ತುಂಬಿರಲಿಲ್ಲ. ೨೦೨೩ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರೊಳಗೆ ನೂರಕ್ಕೆ ೭.೪ ಮಂದಿ, ಅಂದರೆ ಸುಮಾರು ೮೮ ಲಕ್ಷ ಜನರು, ಈ ಬಗೆಯ ಸ್ಮೃತಿರೋಗಗಳಿಂದ ಪೀಡಿತರಾಗಿದ್ದಾರೆ. ಉಳಿದ ತೊಂಬತ್ತೆರಡು ಮಂದಿಗೆ ಗಾದೆಯು ಮಾಡುವುದು ಬರಿಯ ಅಪಹಾಸ್ಯ; ಆದರೆ ಆ ಏಳು ಮಂದಿಗೆ ಅದು ಮಾಡುವುದು ಅನ್ಯಾಯ. ಏಕೆಂದರೆ "ವಯಸ್ಸಾಯಿತು, ಇನ್ನೇನು" ಎಂಬ ಒಂದು ಮಾತಿನಿಂದ ಅವರ ಚಿಕಿತ್ಸೆಯೂ ಪೋಷಣೆಯೂ ಅಲ್ಲಿಗೇ ನಿಂತುಹೋಗುತ್ತವೆ.

ಇಂಥವರನ್ನು ಮನೆಯಲ್ಲಿ ನೋಡಿಕೊಳ್ಳಲಾರದೆ, ಅವರಿಗೆಂದೇ ನಡೆಯುವ ಪಾಲನಾಗೃಹಗಳಲ್ಲಿ ಇರಿಸುವ ಪದ್ಧತಿಯು ಈಗ ನಮ್ಮಲ್ಲಿಯೂ ಬಂದಿದೆ. ಕೇರಳದಲ್ಲಿ ೧೯೯೨ರಲ್ಲಿ ಈ ರೋಗದ ಸಲುವಾಗಿ ಒಂದು ಅಖಿಲ ಭಾರತ ಸಂಘವು ಹುಟ್ಟಿತು. ಬೆಂಗಳೂರಿನಲ್ಲಿ ೧೯೯೮ರಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆಯು ೨೦೧೦ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ರೋಗಿಗಳಿಗೆಂದೇ ಒಂದು ಕೇಂದ್ರವನ್ನು ತೆರೆಯಿತು. ಆ ಬಳಿಕ ಬೆಂಗಳೂರಿನಲ್ಲಿ ಇಂಥ ಗೃಹಗಳು ಹೆಚ್ಚುತ್ತ ಬಂದಿವೆ. ನಮ್ಮ ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಡೆಯಲ್ಲಂತೂ ಅಂಥದೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಹೀಗಿರಲು, ದೂರದ ಊರಿನಲ್ಲಿ ಇರುವ ಒಂದು ಗೃಹವು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಮನೆಯವರು ಯಾವ ಪ್ರಮಾಣದಿಂದ ನಿರ್ಣಯಿಸತಕ್ಕದ್ದು? ಇದೇ ಈ ಲೇಖನದ ವಿಷಯವು. ನಾನು ಈ ನಿರ್ಣಯವನ್ನು ಒಮ್ಮೆ ಮಾಡಿ ತಪ್ಪಿದವನು. ವಾಚಕರ ಮುಂದೆ ಮಾತನಾಡುವುದಕ್ಕೆ ನನಗಿರುವ ಅಧಿಕಾರವು ಅಷ್ಟೇ.

ನನ್ನ ತಾಯಿಯು ತೀರಿಕೊಂಡಾಗ ನನಗೆ ಆರು ವರ್ಷ. ಅದೇ ವರ್ಷ ಅಣ್ಣನನ್ನು ಲಗ್ನವಾಗಿ ನಮ್ಮ ಮನೆಗೆ ಬಂದ ವೈನಿಗೆ ಹದಿನಾರು. ಅಂದಿನಿಂದ ನನಗೆ ತುತ್ತು ಹಾಕಿದವಳೂ, ಪಾಠಶಾಲೆಗೆ ಹೋಗಲಾರೆನೆಂದು ಅಳುತ್ತಿದ್ದ ನನ್ನನ್ನು ಕೈಹಿಡಿದು ಕಳುಹಿಸಿದವಳೂ ಆಕೆಯೇ. ಅಣ್ಣನು ಹೋದ ಮೇಲೆ ಆಕೆಯ ನೆನಪು ಸ್ವಲ್ಪ ಸ್ವಲ್ಪವಾಗಿ ಕರಗತೊಡಗಿತು. ಮೊದಲು ಹೆಸರುಗಳು ಹೋದವು. ಬಳಿಕ ಹಗಲುರಾತ್ರಿಗಳ ಭೇದವು ಹೋಯಿತು. ಒಂದು ರಾತ್ರಿ ನೀರು ತರುವೆನೆಂದು ಬರಿಗೈಯಲ್ಲಿ ಭೀಮೆಯ ಕಡೆಗೆ ನಡೆದಿದ್ದವಳನ್ನು ನೆರೆಮನೆಯ ಹುಡುಗನು ಕರೆತಂದನು. ಮರುದಿನದಿಂದ ನಾವು ಆಕೆಯ ಕೋಣೆಯ ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿ ಮಲಗತೊಡಗಿದೆವು. ಅವಳು ಒಳಗಿನಿಂದ ಬಾಗಿಲು ಬಡಿಯುವುದನ್ನು ಕೇಳುತ್ತ ನಾನು ಮಲಗಿದ್ದೇನೆ. ಮನೆಯಲ್ಲಿಯೇ ಇರಿಸಿಕೊಂಡರೆ ಧರ್ಮವು ತಾನಾಗಿ ನಡೆಯುವುದು, ಹೊರಗೆ ಕಳುಹಿಸಿದರೆ ಅಧರ್ಮವು ತಾನಾಗಿ ಸಂಭವಿಸುವುದು ಎಂದು ತಿಳಿಯುವವರು ಆ ಸದ್ದನ್ನು ಕೇಳಿದವರಲ್ಲ.

ಆಕೆಯ ಮಗನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಗಂಡಹೆಂಡಿರಿಬ್ಬರೂ ದುಡಿಯಬೇಕಾದವರು. ನನ್ನ ಪತ್ನಿಯೂ ಅಸ್ವಸ್ಥಳು. ಕೊನೆಗೆ ಹುಡುಗನು, "ಕಾಕಾ, ನೀವು ನೋಡಿ ಹ್ಞೂಂ ಅಂದ್ರ ಸಾಕು. ನಿಮ್ಮ ಮಾತೇ ನನಗ ಪ್ರಮಾಣ" ಎಂದನು. ವಾಡಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆನು. ಒಂದು ಗೃಹವನ್ನು ನೋಡಿದೆನು. ಅದರ ಹೆಸರು ಇಲ್ಲಿ ಬೇಡ. ಮೇಲೆ ಹೇಳಿದ ಸಂಸ್ಥೆಯಂತೂ ಅದಲ್ಲ. ಕನ್ನಡಿಯಂಥ ನೆಲ, ಹೂವಿನ ತೋಟ, ಪಡಸಾಲೆಯಲ್ಲಿ ಗಣಪತಿ, ಬಾಗಿಲಲ್ಲಿ ನಗುಮುಖದ ವ್ಯವಸ್ಥಾಪಕರು. ಒಳಗೆ ಹತ್ತು ಹನ್ನೆರಡು ಮಂದಿ ವೃದ್ಧರು ಸಾಲುಗುರ್ಚಿಗಳಲ್ಲಿ ಸದ್ದಿಲ್ಲದೆ ಕುಳಿತಿದ್ದರು. "ಎಂಥ ಶಾಂತಿ!" ಎಂದುಕೊಂಡು ಹ್ಞೂಂ ಎಂದುಬಿಟ್ಟೆನು.

ಇಲ್ಲಿ ನನ್ನ ಮೂರ್ಖತನದ ಅಳತೆಯನ್ನು ವಾಚಕರು ತಿಳಿಯಬೇಕು. ಶಾಲಾ ತಪಾಸಣೆಗೆ ಸಾಹೇಬರು ಬರುವರೆಂದು ತಿಳಿದರೆ ಏನೇನು ಮಾಡಬೇಕೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಜಾಣ ಹುಡುಗರು ಮುಂದಿನ ಸಾಲಿಗೆ, ದಡ್ಡರಿಗೆ ಆ ದಿನ ರಜೆ. ಮೂವತ್ತಾರು ವರ್ಷ ಸಾಹೇಬರ ಕಣ್ಣಿಗೆ ಸುಣ್ಣ ಬಳಿದವನು ತಾನೇ ಸಾಹೇಬನಾಗಿ ಹೋದಾಗ ಅದೇ ಸುಣ್ಣಕ್ಕೆ ಮರುಳಾದನು! ಇದಕ್ಕೆ ಕಾರಣವನ್ನು ಬಹಳ ದಿನ ಯೋಚಿಸಿದ್ದೇನೆ. ನಾನು ಆ ಗೃಹವನ್ನು ಪರೀಕ್ಷಿಸಲು ಹೋಗಿರಲಿಲ್ಲ. ನನ್ನ ಮನಸ್ಸಿನ ಚುಚ್ಚನ್ನು ಇಳಿಸಿಕೊಳ್ಳಲು ಹೋಗಿದ್ದೆನು. ಅದು ಒಳ್ಳೆಯದಾಗಿರಬೇಕೆಂದು ನಾನು ಮೊದಲೇ ನಿಶ್ಚಯಿಸಿಕೊಂಡಿದ್ದೆನು. ಹೊಳೆಯುವ ನೆಲವು ನನ್ನ ವೈನಿಗೆ ಏನೂ ಕೊಡಲಿಲ್ಲ. ನನಗೆ ಮಾತ್ರ ಕ್ಷಮೆಯನ್ನು ಕೊಟ್ಟಿತು. ವಂಚಕನಿಲ್ಲದಿದ್ದರೂ ವಂಚನೆಯಾಗುವ ಸ್ಥಳವು ಇದು.

ಮೂರು ತಿಂಗಳ ಮೇಲೆ, ಹೇಳದೆ ಕೇಳದೆ, ಒಂದು ಸಂಜೆ ಹೋದೆನು. ನೆಲವು ಹಾಗೆಯೇ ಹೊಳೆಯುತ್ತಿತ್ತು. ಎಪ್ಪತ್ತೇಳರ ವಯಸ್ಸಿನಲ್ಲಿಯೂ ಮುಷ್ಟಿಯಷ್ಟು ತುರುಬು ಕಟ್ಟುತ್ತಿದ್ದ ನಮ್ಮ ವೈನಿಯ ತಲೆಗೂದಲನ್ನು ಗಂಡುಮಕ್ಕಳಂತೆ ಕತ್ತರಿಸಿದ್ದರು. ಇಳಕಲ್ಲ ಸೀರೆಯ ಬದಲು ಯಾರದೋ ಉದ್ದ ಅಂಗಿಯನ್ನು ತೊಡಿಸಿದ್ದರು. ಆರು ಗಂಟೆಗೇ ಕಣ್ಣು ಮುಚ್ಚಿಹೋಗುತ್ತಿದ್ದವು. ಮುಂದೆ ಅನ್ನದ ತಟ್ಟೆಯು ಮುಟ್ಟದೆ ಆರಿಹೋಗಿತ್ತು. ಜೋಳದ ರೊಟ್ಟಿಯಿಲ್ಲದೆ ಊಟವೇ ಅಲ್ಲವೆಂದು ಬಾಳಿದವಳಿಗೆ ಅದು ಊಟವೆಂದು ತಿಳಿಯಿತೋ ಇಲ್ಲವೋ. "ತುಂಬಾ ಒಳ್ಳೆಯ ಅಜ್ಜಿ, ಯಾವ ತಂಟೆಯೂ ಇಲ್ಲ" ಎಂದಳು ಅಲ್ಲಿಯ ಸೇವಕಿ. ಮನೆಗೆ ಯಾರು ಬಂದರೂ "ಉಂಡಿಯೇನೋ ತಮ್ಮಾ?" ಎಂದು ಮೊದಲು ಕೇಳುತ್ತಿದ್ದ ಬಾಯಿ ಅಂದು ಏನನ್ನೂ ಕೇಳಲಿಲ್ಲ.

ಈ ಸಂಗತಿಯನ್ನು ನನ್ನ ವಿದ್ಯಾವಂತ ಮಿತ್ರರೊಬ್ಬರಿಗೆ ಹೇಳಿದಾಗ ಅವರು, "ಪಂಡಿತರೇ, ಕೋಪಿಸಿಕೊಳ್ಳಬೇಡಿರಿ. ನಿನ್ನೆ ಏನಾಯಿತೆಂದು ಆಕೆಗೆ ನೆನಪೇ ಇಲ್ಲದಿರುವಾಗ, ಯಾವ ಮನೆಯಾದರೇನು? ಒಳ್ಳೆಯದು ಕೆಟ್ಟದ್ದು ನಿಮ್ಮ ಸಮಾಧಾನಕ್ಕೆ ಮಾತ್ರವಲ್ಲವೆ?" ಎಂದರು. ಅವರು ಕಠೋರ ಮನಸ್ಸಿನವರಲ್ಲ. ಅನೇಕರು ಒಳಗೆ ಯೋಚಿಸಿ ಹೊರಗೆ ಆಡದಿರುವ ಮಾತನ್ನು ಅವರು ಆಡಿದರು. ಆದಕಾರಣ ಈ ಪೂರ್ವಪಕ್ಷಕ್ಕೆ ಸಮಾಧಾನವನ್ನು ಹೇಳಲೇಬೇಕು.

ನಮ್ಮ ಶಾಸ್ತ್ರಗಳನ್ನು ನೋಡೋಣ. ಗೌತಮನ ನ್ಯಾಯದರ್ಶನದಲ್ಲಿ, ಒಂದು ದೇಹದಲ್ಲಿ ಆತ್ಮನಿದ್ದಾನೆಂದು ಊಹಿಸುವುದಕ್ಕೆ ಆರು ಗುರುತುಗಳನ್ನು ಹೇಳಿದೆ. ಬೇಕೆನ್ನುವುದು, ಬೇಡವೆನ್ನುವುದು, ಪ್ರಯತ್ನ, ಸುಖ, ದುಃಖ, ಅರಿವು ಎಂಬಿವೇ ಆ ಗುರುತುಗಳು. ಸ್ಮೃತಿಯೆಂಬುದು ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಭಾಷ್ಯಕಾರನಾದ ವಾತ್ಸ್ಯಾಯನನು, ಹಿಂದೆ ಸುಖಕೊಟ್ಟ ವಸ್ತುವನ್ನು ಕಂಡು ಮತ್ತೆ ಬೇಕೆನಿಸಬೇಕಾದರೆ ಹಿಂದೆ ಅನುಭವಿಸಿದವನೇ ಈಗಲೂ ಇರಬೇಕೆಂದು ವಾದಿಸುತ್ತಾನೆಂಬುದನ್ನು ನಾನು ಮರೆತಿಲ್ಲ. ಆ ವಾದವು ನನ್ನ ಪಕ್ಷವನ್ನೇ ಬಲಪಡಿಸುತ್ತದೆ. ರೊಟ್ಟಿಯನ್ನು ಕಂಡೊಡನೆ ವೈನಿಯ ಕೈ ಮುಂದೆ ಬರುವುದಾದರೆ, ರೊಟ್ಟಿಯ ಹೆಸರು ಆಕೆಗೆ ಹೊಳೆಯದಿದ್ದರೂ, ಅರವತ್ತು ವರ್ಷ ರೊಟ್ಟಿ ಬಡಿದ ಆ ಹೆಂಗಸು ಅಲ್ಲಿಯೇ ಇದ್ದಾಳೆಂದಾಯಿತು. ಸ್ಮೃತಿಯು ನಾಲಗೆಗೆ ಬಾರದೆ ಹೋಗಬಹುದು. ಅದರ ಬೀಜವಾದ ಸಂಸ್ಕಾರವು ಕೈಯಲ್ಲಿ ಉಳಿದಿರುತ್ತದೆ. ನೈಯಾಯಿಕರ ಎದುರಾಳಿಗಳಾದ ಬೌದ್ಧರು ಸ್ಥಿರವಾದ ಆತ್ಮವನ್ನೇ ಒಪ್ಪದವರು. ಅವರ ಮಹಾಸ್ತೂಪವೊಂದು ನಮ್ಮೂರಿನ ಮಗ್ಗುಲಿಗೆ ಕನಗನಹಳ್ಳಿಯಲ್ಲಿಯೇ ಇತ್ತೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿದ ಸಂಗತಿ. ಆತ್ಮವಿಲ್ಲವೆಂದ ಅವರೂ ದುಃಖವಿಲ್ಲವೆಂದು ಹೇಳಲಿಲ್ಲ. ದುಃಖವನ್ನೇ ಮೊದಲನೆಯ ಸತ್ಯವೆಂದರು. ಶತಮಾನಗಳ ಕಾಲ ಕಾದಾಡಿದ ಎರಡು ಪಕ್ಷಗಳೂ ಒಪ್ಪುವ ಸಂಗತಿಯೊಂದಿದ್ದರೆ ಅದು ಇದು: ನೋವು ನಿಜ. ನಾಳೆ ಅದು ನೆನಪಿನಲ್ಲಿ ಉಳಿಯದೆಂಬ ಮಾತ್ರಕ್ಕೆ ಇಂದಿನ ನೋವು ಸುಳ್ಳಾಗದು.

ಇಂದಿನ ವಿಜ್ಞಾನವೂ ಇದನ್ನು ಸಮರ್ಥಿಸಿದೆ. ಅಮೇರಿಕೆಯ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಈ ರೋಗವುಳ್ಳವರಿಗೆ ದುಃಖದ ಚಲಚ್ಚಿತ್ರಗಳನ್ನೂ ಸಂತೋಷದ ಚಲಚ್ಚಿತ್ರಗಳನ್ನೂ ತೋರಿಸಿದರು. ಕೆಲವೇ ನಿಮಿಷಗಳಲ್ಲಿ ಅವರು ನೋಡಿದ್ದನ್ನು ಬಹುಮಟ್ಟಿಗೆ ಮರೆತರು. ಆದರೆ ದುಃಖವೂ ಸಂತೋಷವೂ ಮರೆಯಲಿಲ್ಲ. ಚಿತ್ರದ ನೆನಪು ಯಾರಲ್ಲಿ ಕಡಿಮೆಯಾಗಿತ್ತೋ ಅವರಲ್ಲಿ ದುಃಖವು ಹೆಚ್ಚು ಹೊತ್ತು ನಿಂತಿತೆಂಬುದು ಅವರು ಕಂಡ ಸಂಗತಿ. ನಮಗೆ ದುಃಖವಾದರೆ ಅದರ ಕಾರಣವನ್ನು ನೆನೆದು ಸಮಾಧಾನ ಹೇಳಿಕೊಳ್ಳುತ್ತೇವೆ. ಕಾರಣವೇ ತಿಳಿಯದವನಿಗೆ ಆ ಸಮಾಧಾನವೂ ಇಲ್ಲ. ಆದುದರಿಂದ ಸ್ಮೃತಿಹೀನರಿಗೆ ಮಾಡಿದ ಅನಾದರವು ನೆನಪುಳ್ಳವರಿಗೆ ಮಾಡಿದ್ದಕ್ಕಿಂತ ಹಗುರವಾದುದಲ್ಲ. ಒಂದು ವಿಷಯದಲ್ಲಿ ಅದು ಹೆಚ್ಚು ಭಾರವಾದುದು: ಆತನು ಮರುದಿನ ಸಾಕ್ಷಿ ನುಡಿಯಲಾರನು. ಲೋಕದಲ್ಲಿ ಸಾಕ್ಷಿಯಿಲ್ಲದ ಕಡೆಯಲ್ಲಿಯೇ ಮನುಷ್ಯನ ಶೀಲವು ಪರೀಕ್ಷೆಗೊಳಗಾಗುವುದು.

ಹೀಗೆಂದ ಮೇಲೆ, ಪಾಲನಾಗೃಹವನ್ನು ಪರೀಕ್ಷಿಸುವುದಕ್ಕೆ ಆ ಆರು ಗುರುತುಗಳೇ ಪ್ರಶ್ನಪತ್ರಿಕೆಯಾಗಬಹುದು. ಎರಡನೆಯ ಗೃಹವನ್ನು ಹುಡುಕುವಾಗ ನಾನು ಅವನ್ನೇ ಜೇಬಿನಲ್ಲಿ ಬರೆದಿಟ್ಟುಕೊಂಡು ಹೋದೆನು.

ಮೊದಲನೆಯದು, ಇಚ್ಛೆ. ಇಲ್ಲಿಯವರಿಗೆ ಬೇಕಾದುದನ್ನು ಕೇಳುವವರು ಇದ್ದಾರೆಯೇ? ಯಾವ ಭಾಷೆಯಲ್ಲಿ ಕೇಳುತ್ತಾರೆ? ಈ ರೋಗದಲ್ಲಿ ಆಮೇಲೆ ಕಲಿತ ನುಡಿಗಳು ಮೊದಲು ಜಾರಿ, ತಾಯ್ನುಡಿಯು ಕೊನೆಯವರೆಗೆ ಉಳಿಯುವುದನ್ನು ಅನೇಕರಲ್ಲಿ ಕಾಣುತ್ತೇವೆ. ಭೀಮಾತೀರದ ಕನ್ನಡವನ್ನು ಅರಿಯದ ಸೇವಕಿಗೆ ನಮ್ಮ ವೈನಿಯು ನೀರು ಕೇಳಿದರೂ ಅದು ಬಡಬಡಿಕೆಯೇ.

ಎರಡನೆಯದು, ಬೇಡವೆನ್ನುವುದು. ಸ್ನಾನ ಬೇಡವೆಂದರೆ ಇಲ್ಲಿ ಏನು ಮಾಡುತ್ತಾರೆ? ಎಳೆದೊಯ್ಯುತ್ತಾರೆಯೋ, ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯುತ್ತಾರೆಯೋ? ಈ ವಿಷಯದಲ್ಲಿ ನಮಗೆ ರಾಜಶಾಸನದ ಬೆಂಬಲವೂ ಉಂಟು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ತಾನು ರಕ್ಷಿಸುವ ರೋಗಗಳ ಲಕ್ಷಣವನ್ನು ಹೇಳುವಾಗ ಸ್ಮೃತಿಯ ತೀವ್ರ ವಿಕಾರವನ್ನೂ ಸೇರಿಸಿದೆ. ರೋಗಿಯ ತಲೆಯನ್ನು ಬಲವಂತವಾಗಿ ಬೋಳಿಸಕೂಡದು, ತನ್ನ ಬಟ್ಟೆಯನ್ನೇ ಉಡುವೆನೆಂದವರಿಗೆ ಸಮವಸ್ತ್ರವನ್ನು ಹೇರಕೂಡದು ಎಂದು ಅದು ಸ್ಪಷ್ಟವಾಗಿ ವಿಧಿಸಿದೆ. ಇದು ನನಗೆ ಮೊದಲೇ ತಿಳಿದಿದ್ದರೆ, ಕತ್ತರಿಸಿದ ಆ ತಲೆಗೂದಲನ್ನು ಕಂಡ ಸಂಜೆ ನಾನು ಬರಿದೆ ಕಣ್ಣೊರೆಸಿಕೊಳ್ಳುತ್ತ ನಿಲ್ಲುತ್ತಿರಲಿಲ್ಲ.

ಮೂರನೆಯದು, ಪ್ರಯತ್ನ. ತಾನಾಗಿ ಉಣ್ಣಬಲ್ಲವನಿಗೆ ತಿನ್ನಿಸಿದರೆ ಕೆಲಸವು ಬೇಗ ಮುಗಿಯುತ್ತದೆ. ಆದರೆ ಕೆಲವೇ ದಿನಗಳಲ್ಲಿ ಅವನು ಉಣ್ಣುವುದನ್ನೇ ಬಿಡುತ್ತಾನೆ. ಆದಕಾರಣ ಊಟದ ಹೊತ್ತಿಗೇ ಹೋಗಿ ನೋಡಬೇಕು. ಚೆಲ್ಲಿದ ಸಾರೂ ಕೊಳೆಯಾದ ಮೇಜೂ ಕಂಡರೆ ಮೂಗು ಮುರಿಯಬೇಡಿರಿ. ಅಲ್ಲಿ ಯಾರೋ ತಮ್ಮ ಕೈಯಿಂದ ಉಣ್ಣುತ್ತಿದ್ದಾರೆ.

ನಾಲ್ಕನೆಯದೂ ಐದನೆಯದೂ, ಸುಖದುಃಖಗಳು. ಸಂಜೆ ಸೂರ್ಯನು ಇಳಿಯುವ ಹೊತ್ತಿಗೆ ಈ ರೋಗಿಗಳಲ್ಲಿ ಅನೇಕರಿಗೆ ಕಳವಳವು ಹೆಚ್ಚುತ್ತದೆ. ಮನೆಗೆ ಹೋಗಬೇಕೆಂದು ಎದ್ದು ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಗೃಹವು ಹೇಗಿರುವುದೋ ಅದೇ ಅದರ ನಿಜವಾದ ಮುಖ. ಪೂರ್ಣ ನಿಶ್ಶಬ್ದವನ್ನು ಕಂಡರೆ ಸಂದೇಹಪಡಬೇಕು. ನಾನು ಶಾಂತಿಯೆಂದು ಕೊಂಡಾಡಿದ್ದು ಔಷಧದ ಮಂಪರಿದ್ದಿರಬಹುದು. ಮನೋರೋಗಗಳಿಗೆ ಕೊಡುವ ಕೆಲವು ಬಗೆಯ ಮದ್ದುಗಳು ಮರೆವಿನ ರೋಗವುಳ್ಳ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೇರಿಕೆಯ ಔಷಧ ನಿಯಂತ್ರಣ ಇಲಾಖೆಯು ೨೦೦೫ರಲ್ಲಿಯೇ ಎಚ್ಚರಿಸಿದೆ. ಯಾವ ಮದ್ದು, ಏತಕ್ಕೆ, ಯಾರು ಬರೆದದ್ದು, ಎಂದು ನಿಲ್ಲಿಸುವಿರಿ ಎಂದು ಕೇಳುವ ಹಕ್ಕು ಮನೆಯವರದು. ಕಟ್ಟಿಹಾಕುವ ವಿಷಯವೂ ಹೀಗೆಯೇ. ಸರಪಳಿಯನ್ನು ಕಾಯಿದೆಯು ಸಂಪೂರ್ಣ ನಿಷೇಧಿಸಿದೆ. ಬೇರೆ ಬಗೆಯ ಬಂಧನವು ಸನ್ನಿಹಿತವಾದ ಅಪಾಯವನ್ನು ತಡೆಯಲು ಬೇರೆ ದಾರಿಯಿಲ್ಲದಾಗ ಮಾತ್ರ, ಅದೂ ತಜ್ಞವೈದ್ಯರ ಅನುಮತಿಯಿಂದ ನಡೆಯಬೇಕು. ಕೆಲಸದವರು ಸಾಲದೆಂಬುದು ಕಟ್ಟುವುದಕ್ಕೆ ಕಾರಣವಾಗಕೂಡದೆಂದೂ ಅದು ಹೇಳಿದೆ. ರಾತ್ರಿಯಲ್ಲಿ ಎಷ್ಟು ಮಂದಿ ರೋಗಿಗಳಿಗೆ ಎಷ್ಟು ಮಂದಿ ಎಚ್ಚರವಿರುತ್ತಾರೆಂದು ಕೇಳಿದರೆ ಅರ್ಧ ಸತ್ಯವು ಹೊರಬೀಳುತ್ತದೆ.

ಆರನೆಯದು, ಅರಿವು. ಇದರ ಪರೀಕ್ಷೆಯು ಬಹು ಸುಲಭ. ಆ ಗೃಹದವರು ನಮಗೆ ಹೆಚ್ಚು ಹೇಳುತ್ತಾರೆಯೋ, ನಮ್ಮನ್ನು ಹೆಚ್ಚು ಕೇಳುತ್ತಾರೆಯೋ ನೋಡಬೇಕು. ಮೊದಲನೆಯ ಗೃಹದಲ್ಲಿ ಒಂದು ತಾಸು ತಮ್ಮ ಸೌಕರ್ಯಗಳನ್ನು ವರ್ಣಿಸಿದರು. ವೈನಿಯ ವಿಷಯವಾಗಿ ವಯಸ್ಸು, ತೂಕ, ರೋಗಗಳ ಹೊರತು ಏನನ್ನೂ ಕೇಳಲಿಲ್ಲ. ಎರಡನೆಯದು ಹಳೆಯ ಬಾಡಿಗೆ ಮನೆ, ತೋಟವಿಲ್ಲ, ಗೋಡೆಯ ಬಣ್ಣ ಉದುರಿತ್ತು. ಅಲ್ಲಿಯ ಮೇಲ್ವಿಚಾರಕಿಯು ಕುಳಿತ ಕೂಡಲೆ, "ಅವರು ಮನೆಯಲ್ಲಿ ಏನು ಕೆಲಸ ಮಾಡುತ್ತಿದ್ದರು? ಏತಕ್ಕೆ ಸಿಟ್ಟಾಗುತ್ತಿದ್ದರು? ಅವರನ್ನು ಯಾರು ಏನೆಂದು ಕರೆಯುತ್ತಿದ್ದರು?" ಎಂದು ಕೇಳುತ್ತ ಪುಸ್ತಕದಲ್ಲಿ ಬರೆದುಕೊಂಡಳು. ಹದಿನೈದು ದಿನಗಳ ಮೇಲೆ ಹೋದಾಗ, ವೈನಿಯ ಮುಂದೆ ಒಂದು ಪರಾತ, ಅದರಲ್ಲಿ ಹಿಡಿ ಜೋಳದ ಹಿಟ್ಟು. ಆಕೆಯು ಹಿಟ್ಟನ್ನು ನಾದಿ ನಾದಿ ಬಡಿಯುತ್ತಿದ್ದಳು. ರೊಟ್ಟಿಯು ಗುಂಡಗಾಗಲಿಲ್ಲ, ನಡುವೆ ಹರಿಯಿತು. ಆಕೆ ಮತ್ತೆ ಉಂಡೆ ಕಟ್ಟಿದಳು. ನನ್ನ ಕಡೆಗೆ ನೋಡಿ, ನಾನು ಯಾರೆಂದು ತಿಳಿಯದೆಯೇ, "ಉಂಡಿಯೇನೋ ತಮ್ಮಾ?" ಎಂದಳು.

ಲೇಖನವನ್ನು ಇಲ್ಲಿಗೆ ಮುಗಿಸಿದ್ದರೆ ನನಗೆ ಗೌರವವಿರುತ್ತಿತ್ತು. ಆದರೆ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಮುಂದಿನ ವರ್ಷ ಒಮ್ಮೆ ಹೋದಾಗ ವೈನಿಯ ಪಾದದಲ್ಲಿ ಒಂದು ಹುಣ್ಣನ್ನು ಕಂಡು ನಾನು ಮೇಲ್ವಿಚಾರಕಿಯ ಮೇಲೆ ರೇಗಿದೆನು. ಆಕೆಯು ಹುಣ್ಣಿನ ವಿಷಯವಾಗಿ ತಮ್ಮ ತಪ್ಪನ್ನು ಒಪ್ಪಿಕೊಂಡಳು. ಬಳಿಕ ಭೇಟಿಗೆ ಬಂದವರು ಸಹಿಮಾಡುವ ಪುಸ್ತಕವನ್ನು ತಂದು, ಏನೂ ಮಾತನಾಡದೆ, ನನ್ನ ಮುಂದಿಟ್ಟಳು. ಶ್ರಾವಣದಿಂದ ಮಾಘದವರೆಗೆ ವೈನಿಯ ಹೆಸರಿನೆದುರಿಗೆ ನನ್ನ ಸಹಿಯಿರಲಿಲ್ಲ. ಹುಡುಗನದು ಎರಡೇ ಇದ್ದವು. ಮಕ್ಕಳ ಹಾಜರಿಯನ್ನು ಮೂವತ್ತಾರು ವರ್ಷ ಹಾಕಿದವನು ತನ್ನ ಗೈರುಹಾಜರಿಯನ್ನು ಬೇರೊಬ್ಬರ ಪುಸ್ತಕದಲ್ಲಿ ಓದಬೇಕಾಯಿತು. ಒಳ್ಳೆಯ ಗೃಹವು ದೊರೆಯಿತೆಂಬ ನಿಶ್ಚಿಂತೆಯೇ ನನ್ನನ್ನು ಅಷ್ಟು ದಿನ ದೂರವಿರಿಸಿತ್ತು. ಹೊಳೆಯುವ ನೆಲವು ಮೊದಲು ಕೊಟ್ಟಿದ್ದ ಕ್ಷಮೆಯನ್ನೇ ಈ ಸಲ ಒಳ್ಳೆಯತನದಿಂದ ಪಡೆದುಕೊಂಡಿದ್ದೆನು.

ಮರಳಿ ಬಂದ ದಿನಗಳಲ್ಲಿ ನಮ್ಮೂರಿನ ಕಲ್ಲೊಂದು ಪದೇ ಪದೇ ನೆನಪಿಗೆ ಬರುತ್ತಿತ್ತು. ೧೯೮೬ರಲ್ಲಿ ಸನ್ನತಿಯ ಚಂದ್ರಲಾಂಬೆಯ ಆವರಣದಲ್ಲಿರುವ ಕಾಳಿಯ ಗುಡಿಯ ಮಾಡು ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಶಿಲೆಯ ಮೇಲೆ ಅಶೋಕನ ಶಾಸನವು ಬೆಳಕಿಗೆ ಬಂದಿತು. ಅದರಲ್ಲಿರುವ ಪ್ರತ್ಯೇಕ ಶಾಸನಗಳು ನಮ್ಮಲ್ಲಿ ಒಡೆದು ಹೋಗಿದ್ದರೂ ಕಳಿಂಗದ ಧೌಲಿಯಲ್ಲಿ ಓದಲು ಸಿಕ್ಕುತ್ತವೆ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಹೇಳಿದ ಆ ದೊರೆಯು, ಅಷ್ಟಕ್ಕೇ ತೃಪ್ತನಾಗದೆ, ಯಾರಿಗೂ ನಿಷ್ಕಾರಣವಾಗಿ ಬಂಧನವೂ ಪೀಡೆಯೂ ಆಗದಂತೆ ನೋಡಿಕೊಳ್ಳಲು ಐದು ವರ್ಷಕ್ಕೊಮ್ಮೆ ಮೃದುಸ್ವಭಾವದ ಅಧಿಕಾರಿಯನ್ನು ಸಂಚಾರಕ್ಕೆ ಕಳುಹಿಸುವೆನೆಂದಿದ್ದಾನೆ. ಇನ್ನೊಂದು ಸ್ತಂಭಶಾಸನದಲ್ಲಿ, ಜಾಣೆಯಾದ ದಾದಿಗೆ ಮಗುವನ್ನು ಒಪ್ಪಿಸಿ ತಂದೆಯು ನೆಮ್ಮದಿಯಾಗಿರುವಂತೆ ತಾನು ಅಧಿಕಾರಿಗಳನ್ನು ನೇಮಿಸಿದ್ದೇನೆಂದು ಹೇಳುತ್ತಾನೆ. ನಂಬಿಕೆಯೂ ಬೇಕು, ತಪಾಸಣೆಯೂ ಬೇಕು. ಒಬ್ಬನೇ ದೊರೆಯು ಎರಡನ್ನೂ ಕಲ್ಲಿನಲ್ಲಿ ಕೊರೆಯಿಸಿದನು. ನಮ್ಮ ಧರ್ಮಶಾಸ್ತ್ರಕಾರರು ನಿಕ್ಷೇಪವೆಂಬ ಪ್ರಕರಣದಲ್ಲಿ, ಇಟ್ಟ ವಸ್ತುವನ್ನು ಕಾಯುವವನ ಹೊಣೆಯನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ. ಆದರೆ ಚಿನ್ನವನ್ನು ಅಡವಿಟ್ಟವನು ವರ್ಷಗಟ್ಟಲೆ ನೋಡಲು ಹೋಗದಿದ್ದರೂ ಚಿನ್ನವು ಸೊರಗುವುದಿಲ್ಲ. ಮನುಷ್ಯರ ವಿಷಯದಲ್ಲಿ ಒಪ್ಪಿಸುವುದಕ್ಕೂ ಬಿಟ್ಟುಬಿಡುವುದಕ್ಕೂ ಇರುವ ಭೇದವು ಆ ಸಹಿಯ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಕೆಲವು ದಿನ ವೈನಿಯು ನನ್ನನ್ನು ಅಣ್ಣನೆಂದು ತಿಳಿದು ಸೆರಗು ಸರಿಪಡಿಸಿಕೊಳ್ಳುತ್ತಾಳೆ. ಕೆಲವು ದಿನ ನೋಡುವುದೂ ಇಲ್ಲ. ಕೂದಲು ಬೆಳೆದಿದೆ, ತುರುಬಿಗೆ ಇನ್ನೂ ಸಾಲದು.

ಕೊನೆಯದಾಗಿ, ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ತಾಲೂಕುಗಳಿಂದ ಬೆಂಗಳೂರಿಗೂ ಹೈದರಾಬಾದಿಗೂ ಪುಣೆಗೂ ದಿನವೂ ಯಾರಾದರೂ ಹೋಗುತ್ತಲೇ ಇರುತ್ತಾರೆ. ಅಲ್ಲಿಯ ಗೃಹಗಳಲ್ಲಿ ನಮ್ಮ ಕಡೆಯ ವೃದ್ಧರು ಯಾರಿದ್ದಾರೆಂಬ ಒಂದು ಯಾದಿಯನ್ನು, ಅವರ ಮನೆಯವರ ಒಪ್ಪಿಗೆಯಿಂದ, ಸಂಘದಲ್ಲಿ ಇರಿಸಬಾರದೇಕೆ? ಹೋದವರು ಒಂದು ಗಂಟೆಯ ಬಿಡುವು ಮಾಡಿಕೊಂಡು, ಮೊದಲೇ ತಿಳಿಸದೆ, ಊಟದ ಹೊತ್ತಿಗೆ ಒಳಹೊಕ್ಕು, ನಮ್ಮ ಮಾತಿನಲ್ಲಿ ನಾಲ್ಕು ಮಾತನಾಡಿ, ಪುಸ್ತಕದಲ್ಲಿ ಸಹಿಮಾಡಿ ಬರಲಿ. ಮುಂದಿನ ತಿಂಗಳು ಹೋಗುವವರಿದ್ದರೆ ವೈನಿಗೆ ಎರಡು ಜೋಳದ ರೊಟ್ಟಿಯನ್ನೂ ಕೊಂಚ ಪುಂಡಿಪಲ್ಯವನ್ನೂ ಕಟ್ಟಿಕೊಡುತ್ತೇನೆ. ಆಕೆಯು ನಿಮ್ಮನ್ನೂ ಉಂಡಿರೋ ಎಂದು ಕೇಳಿದರೆ, ಉಂಡಿದ್ದರೂ ಸರಿಯೆ, ಇಲ್ಲವೆಂದು ಹೇಳಿ ಆಕೆಯ ಎದುರಿಗೆ ಕುಳಿತುಕೊಳ್ಳಿರಿ.